ಉಡದ ಮೊಟ್ಟೆಗೆ ಬೇಕಾದ ಮಣ್ಣು

ಮೊಸಳೆಗಳನ್ನು ಉಳಿಸುವ ಯೋಜನೆ ನಮ್ಮ ದೇಶದಲ್ಲಿ 1975ರಲ್ಲಿ ಶುರುವಾಯಿತು. ನದಿದಂಡೆಯ ಮೊಟ್ಟೆ ತಂದು, ಕಾವು ಕೊಟ್ಟು, ಸಾವಿರಾರು ಮರಿಗಳನ್ನು ಬೆಳೆಸಿ ನೀರಿಗೆ ಬಿಟ್ಟರು. ಉಡವನ್ನೂ ಹಾಗೆಯೇ ಮರಿ ಮಾಡಿಸಬಹುದಲ್ಲ ಎಂದು ಸವದತ್ತಿ ಸೀಮೆಯ ಕಲ್ಲುಗುಡ್ಡಗಳಲ್ಲಿ, ಮಲಪ್ರಭೆಯ ದಂಡೆಯಲ್ಲಿ, ಹೊಲದ ಒಡ್ಡುಗಳಲ್ಲಿ ಅದನ್ನು ಕಂಡು ಬೆಳೆದವರಿಗೆ ಅನಿಸುವುದು ಸಹಜ. ಆದರೆ ದೊಡ್ಡ ಜಾತಿಯ ಉಡಗಳನ್ನು ಕೂಡಿಹಾಕಿ ಸಂತಾನ ಪಡೆಯುವುದು ಪಳಗಿದ ಮೃಗಾಲಯಗಳಿಗೂ ಕಷ್ಟದ ಕೆಲಸ.

ಮೊದಲು ಕಾನೂನಿನ ಮಾತು. ನಮ್ಮ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿಯುವುದು, ಮನೆಯಲ್ಲಿ ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಮುಂದೆ ಹೇಳುವುದೆಲ್ಲ ಮಾನ್ಯತೆ ಪಡೆದ ಮೃಗಾಲಯಗಳ ಕೆಲಸ.

ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದೇ ಮೊದಲ ತೊಡಕು. ಹೊರಗೆ ನಂಬಬಹುದಾದ ಗುರುತಿಲ್ಲ. ಗಂಡಿನ ಅಂಗ ಬಾಲದ ಬುಡದಲ್ಲಿ ಅಡಗಿರುತ್ತದೆ, ಹೆಣ್ಣಿಗೂ ಅದೇ ಜಾಗದಲ್ಲಿ ಅದನ್ನೇ ಹೋಲುವ ಚಿಕ್ಕ ಅಂಗವಿರುತ್ತದೆ. ಸ್ಕ್ಯಾನಿಂಗ್ ಅಥವಾ ರಕ್ತದ ಪರೀಕ್ಷೆ ಬೇಕಾಗುತ್ತದೆ. ಜೋಡಿಯೆಂದು ಎರಡು ಗಂಡುಗಳನ್ನು ಒಂದೇ ಆವರಣಕ್ಕೆ ಬಿಟ್ಟರೆ ಹಿಂಗಾಲಿನ ಮೇಲೆ ಎದ್ದುನಿಂತು ಕುಸ್ತಿಗೆ ಬೀಳುತ್ತವೆ. ‘ಹತ್ತಾ ಜೋಡಿ’ ಎಂಬ ಹೆಸರಿನಲ್ಲಿ, ಅದೃಷ್ಟ ತರುವ ಬೇರು ಎಂದು ಮಾರಾಟವಾಗುವುದು ಈ ಗಂಡು ಉಡದ ಅಂಗವನ್ನೇ ಒಣಗಿಸಿದ್ದು. ಒಂದು ಸುಳ್ಳು ನಂಬಿಕೆಗೆ ಇಷ್ಟೊಂದು ಜೀವ ಹೋಗುತ್ತಿರುವುದು ಸಂಕಟದ ಸಂಗತಿ.

ಇನ್ನು ಬಿಸಿಲು. ಉಡ ಮೈಯನ್ನು ಚೆನ್ನಾಗಿ ಕಾಯಿಸಿಕೊಂಡರಷ್ಟೇ ತಿಂದದ್ದು ಅರಗುತ್ತದೆ, ಮೊಟ್ಟೆ ಬಲಿಯುತ್ತದೆ. ಪಂಜರದಲ್ಲಿ ಒಂದು ಮೂಲೆ ಕಾದ ಬಂಡೆಯಷ್ಟು ಬಿಸಿ, ಇನ್ನೊಂದು ಮೂಲೆ ತಂಪು ಇರಬೇಕು. ಬೇಕಾದ ಕಡೆ ಅದು ತಾನೇ ಸರಿಯುತ್ತದೆ. ಎಲ್ಲೆಡೆ ಒಂದೇ ಹದದ ಬೆಚ್ಚನೆಯ ಕೋಣೆಯಲ್ಲಿಟ್ಟು, ದಿನವೂ ಇಲಿ ತಿನ್ನಿಸಿದರೆ ಬೊಜ್ಜು ಬಂದು ಹೆಣ್ಣು ಬಂಜೆಯಾಗುತ್ತದೆ. ಕಾಡಿನ ಉಡ ಜೀರುಂಡೆ, ಏಡಿ, ಕಪ್ಪೆ, ಹಕ್ಕಿಮೊಟ್ಟೆ ಹುಡುಕುತ್ತ ದಿನವಿಡೀ ಅಲೆಯುತ್ತದೆ. ಆ ಅಲೆದಾಟವೂ ಆಹಾರದ ಭಾಗವೇ.

ಇಷ್ಟೆಲ್ಲ ಸರಿಹೋದರೂ ಹೆಚ್ಚಿನ ಪ್ರಯತ್ನಗಳು ಸೋಲುವುದು ಮಣ್ಣಿನಲ್ಲಿ. ನಮ್ಮ ಉಡ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕೂಡಿ ಮೊಟ್ಟೆಯಿಡುತ್ತದೆ. ಸಮನೆಲದಲ್ಲೋ, ದಂಡೆಯ ಮಗ್ಗುಲಲ್ಲೋ, ಕೆಲವೊಮ್ಮೆ ಗೆದ್ದಲಿನ ಹುತ್ತದಲ್ಲೋ ತೋಡಿ, ಸುಮಾರು 20 ಮೊಟ್ಟೆಯಿಟ್ಟು, ಮಣ್ಣು ತುಂಬಿ, ಮೂತಿಯಿಂದ ಅದುಮಿ ಗಟ್ಟಿಮಾಡುತ್ತದೆ. ಕಳ್ಳರನ್ನು ದಾರಿ ತಪ್ಪಿಸಲು ಪಕ್ಕದಲ್ಲಿ ಸುಳ್ಳು ಗುಂಡಿಗಳನ್ನೂ ತೋಡುತ್ತದೆ. ಆಸ್ಟ್ರೇಲಿಯಾದ ಒಂದು ದೊಡ್ಡ ಜಾತಿ ಸುರುಳಿಯಾಗಿ ಇಳಿಯುವ ಬಿಲ ಕೊರೆದು, 3 ಮೀಟರ್‌ಗಿಂತ ಆಳದಲ್ಲೂ ಮೊಟ್ಟೆಯಿಡುತ್ತದೆ. ಬೇಸಿಗೆ ಎಷ್ಟೇ ಉರಿದರೂ ಆ ಆಳದಲ್ಲಿ ಹಸಿ ಆರುವುದಿಲ್ಲ, ಶಾಖ ಏರುಪೇರಾಗುವುದಿಲ್ಲ.

ಪಂಜರದ ನೆಲ ಸಿಮೆಂಟ್, ಮೇಲೊಂದು ಗೇಣು ಮರಳು. ಹೆಣ್ಣು ತೋಡುತ್ತದೆ, ಬಿಡುತ್ತದೆ, ಮತ್ತೆ ತೋಡುತ್ತದೆ. ಜಾಗ ಒಪ್ಪದಿದ್ದರೆ ಮೊಟ್ಟೆಯನ್ನು ಹೊಟ್ಟೆಯಲ್ಲೇ ತಡೆಹಿಡಿಯುತ್ತದೆ. ಅವು ಒಳಗೇ ಕೆಟ್ಟು, ಸೋಂಕಾಗಿ ತಾಯಿ ಸಾಯುವುದೂ ಉಂಟು. ಆದ್ದರಿಂದ ಬಲ್ಲವರು ಮೊದಲು ಆಳವಾದ ಮಣ್ಣಿನ ವ್ಯವಸ್ಥೆ ಮಾಡುತ್ತಾರೆ: ಬಿಲ ಕುಸಿಯದಷ್ಟು ಹಸಿ, ನೀರು ನಿಲ್ಲದಷ್ಟು ಮರಳು, ಅಡಿಯಲ್ಲಿ ಹಿತವಾದ ಬಿಸಿ. ನಮ್ಮ ಮಸಾರಿ ಹೊಲದ ಒಡ್ಡು ಈ ಹದವನ್ನು ತಾನಾಗಿಯೇ ಕೊಡುತ್ತದೆ. ಬೇಸಿಗೆಯಲ್ಲಿ ಬಾಯಿಬಿಡುವ ಎರೆಭೂಮಿಗೆ ಅದು ಕಷ್ಟ.

ಮೊಟ್ಟೆ ಸಿಕ್ಕ ಮೇಲೂ ತಾಳ್ಮೆ ಬೇಕು. ಕೋಳಿಮೊಟ್ಟೆಯನ್ನು ಆಗಾಗ ಹೊರಳಿಸಬೇಕು, ಇದನ್ನು ಹೊರಳಿಸಬಾರದು. ಒಳಗಿನ ಭ್ರೂಣ ಬೇಗನೆ ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುವುದರಿಂದ, ತಲೆಕೆಳಗಾದರೆ ಸಾಯಬಹುದು. ತೊಗಲಿನಂಥ ಸಿಪ್ಪೆ ಸುತ್ತಲಿನ ತೇವ ಹೀರಿ ಉಬ್ಬುತ್ತದೆ. ಒಣಗಿದರೆ ಕುಳಿಬೀಳುತ್ತದೆ, ನೀರು ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ. ನಮ್ಮ ಉಡದ ಮರಿ ಹೊರಬರಲು 168ರಿಂದ 254 ದಿನ ಬೇಕು. ಅಷ್ಟು ದಿನ ಕರೆಂಟು ಕೈಕೊಡದೆ ಕಾವುಪೆಟ್ಟಿಗೆ ನಡೆಯಬೇಕು.

ಇಂಥ ಕಷ್ಟದ ನಡುವೆಯೂ ಗೆದ್ದವರಿದ್ದಾರೆ. ರಾಮ್ಯುಲಸ್ ವಿಟೇಕರ್ 1976ರಲ್ಲಿ ಚೆನ್ನೈ ಬಳಿ ಕಟ್ಟಿದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್‌ನಲ್ಲಿ ನೀರುಡಗಳು ಮರಿ ಮಾಡಿವೆ. ಎಲ್ಲ ಉಡಗಳಲ್ಲೂ ದೊಡ್ಡದಾದ ಕೊಮೊಡೊ, ಇಂಡೊನೇಷ್ಯಾದ ಹೊರಗೆ ಮೊದಲ ಬಾರಿ ಮೊಟ್ಟೆಯೊಡೆದದ್ದು ವಾಷಿಂಗ್ಟನ್‌ನ ಮೃಗಾಲಯದಲ್ಲಿ, 1992ರ ಸೆಪ್ಟೆಂಬರ್‌ನಲ್ಲಿ. ಇಂಗ್ಲೆಂಡಿನ ಚೆಸ್ಟರ್ ಮತ್ತು ಲಂಡನ್ ಮೃಗಾಲಯಗಳಲ್ಲಿ ಕೊಮೊಡೊ ಹೆಣ್ಣುಗಳು ಗಂಡಿಲ್ಲದೆಯೇ ಫಲವಂತ ಮೊಟ್ಟೆಯಿಟ್ಟ ಅಚ್ಚರಿ 2006ರಲ್ಲಿ ಪ್ರಕಟವಾಯಿತು. ಹಾಗೆ ಹುಟ್ಟುವ ಮರಿಗಳೆಲ್ಲ ಗಂಡೇ. ಹೆಣ್ಣನ್ನು ಒಂಟಿಯಾಗಿಟ್ಟು ಹೀಗೆ ಸಂತಾನ ಪಡೆದರೆ ವಂಶದ ವೈವಿಧ್ಯವೂ ಸೊರಗುತ್ತದೆ.

ನಮ್ಮ ಸೀಮೆಯಲ್ಲಿ ಹೊಲ ಸಮಮಾಡಲು ಜೆಸಿಬಿ ತರಿಸುವವರು ಹಳೆಯ ಒಡ್ಡಿನ ಒಂದು ಭಾಗವನ್ನೂ ಹುತ್ತವನ್ನೂ ಬಿಟ್ಟರೆ, ಮೃಗಾಲಯ ಬಹಳ ದುಡ್ಡು ಸುರಿದು ಮಾಡುವ ಕೆಲಸವನ್ನು ಪುಕ್ಕಟೆ ಮಾಡಿದಂತೆ. ಅಗೆಯುವಾಗ ಬಿಳಿ, ಮೆತ್ತನೆಯ ಸಿಪ್ಪೆಯ ಮೊಟ್ಟೆಗಳು ಕಂಡರೆ ಅಲ್ಲಿಗೇ ನಿಲ್ಲಿಸಿ. ಅವು ಹಾವಿನವೂ ಆಗಿರಬಹುದು, ಕೈ ಹಾಕಬೇಡಿ. ಎತ್ತಬೇಡಿ, ಹೊರಳಿಸಬೇಡಿ, ತೊಳೆಯಬೇಡಿ. ತೆಗೆದ ಮಣ್ಣನ್ನೇ ಸಲಿಕೆಯಿಂದ ಮೆಲ್ಲಗೆ ಮೇಲೆ ಎಳೆದು, ಗುರುತಿಗೊಂದು ಕೋಲು ನೆಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.