ವಳಿವಡೆಯ ಬಿದಿರು ಗೋಡೆಗಳು

ಪುಣೆ ರೈಲು ನಿಲ್ದಾಣದಲ್ಲಿ ಮೀರಜ್ ಕಡೆಯ ಗಾಡಿ ಹೊರಡುವ ಹೊತ್ತಿಗೆ ಒಮ್ಮೆ ಸುಮ್ಮನೆ ನಿಂತು ನೋಡಬೇಕು. ವಡಾಪಾವ್ ಕರಿದ ಎಣ್ಣೆಯ ಘಮಲು, ಚಹಾದವನ ಎಳೆದೆಳೆದು ಕೂಗುವ ದನಿ, ತಲೆಯ ಮೇಲೆ ಎರಡೆರಡು ಸೂಟ್‌ಕೇಸು ಹೊತ್ತ ಕೆಂಪಂಗಿಯ ಕೂಲಿಗಳು. ಆ ಗದ್ದಲದ ನಡುವೆ "ಅಣ್ಣಾರ, ಈ ಗಾಡಿ ಮೀರಜಿಗೆ ಹೋಗತೈತೇನ್ರಿ?" ಎಂದು ಒಬ್ಬ ಅಜ್ಜಿ ಕೇಳುತ್ತಾಳೆ. ಇಲ್ಲಿಂದ ತೆಂಕಣಕ್ಕೆ ಹೊರಡುವ ಗಾಡಿಯಲ್ಲಿ ಕನ್ನಡ ಕೇಳಲು ಮೀರಜ್ ದಾಟುವವರೆಗೆ ಕಾಯಬೇಕಿಲ್ಲ. ಪುಣೆಯಲ್ಲಿ ಕೆಲಸಕ್ಕೆ ನಿಂತ ಬೆಳಗಾವಿ, ವಿಜಯಪುರ, ಧಾರವಾಡದವರು ಊರಿಗೆ ಹೋಗುವ ದಾರಿ ಇದೇ.

ಈ ಹಳಿ 1971ರವರೆಗೂ ಇಷ್ಟು ಅಗಲವಿರಲಿಲ್ಲ. ಮುಂಬೈಯಿಂದ ಬರುವ ದೊಡ್ಡ ಗಾಡಿ ಪುಣೆಗೆ ಬಂದು ನಿಲ್ಲುತ್ತಿತ್ತು. ಮುಂದೆ ಮೀರಜಿಗೆ, ಕೊಲ್ಲಾಪುರಕ್ಕೆ ಹೋಗುವವರು ಗಂಟುಮೂಟೆ ಇಳಿಸಿ, ಮಕ್ಕಳನ್ನು ಎಣಿಸಿಕೊಂಡು, ಮೀಟರ್ ಗೇಜ್ ಗಾಡಿ ಹತ್ತಬೇಕಿತ್ತು. 1943ರಿಂದಾಚೆಗೆ ಹಾಗೆ ಗಾಡಿ ಬದಲಿಸಿದವರಲ್ಲಿ ಬಿಳಿ ಚರ್ಮದ, ಬಡಕಲು ಮೈಯ ಹೆಂಗಸರೂ ಮಕ್ಕಳೂ ಇದ್ದರು. ಮರಾಠಿ, ಕನ್ನಡ, ಇಂಗ್ಲಿಷು ಯಾವುದೂ ಅವರಿಗೆ ಬಾರದು. ಅವರು ಪೋಲೆಂಡಿನವರು. ಇಂದಿನ ನಕ್ಷೆ ತೆಗೆದು ಬೆರಳಿಟ್ಟರೆ ಅವರಲ್ಲಿ ಬಹಳ ಜನರ ಊರುಗಳು ಸಿಗುವುದು ಪೋಲೆಂಡಿನಲ್ಲಲ್ಲ, ಉಕ್ರೇನಿನಲ್ಲಿ ಮತ್ತು ಬೆಲಾರೂಸಿನಲ್ಲಿ: ಲ್ವಿವ್, ತೆರ್ನೋಪಿಲ್, ವೊಲಿನ್ ಸೀಮೆಯ ಹಳ್ಳಿಗಳು. 2022ರ ಫೆಬ್ರುವರಿಯಲ್ಲಿ ರಷ್ಯಾದ ದಾಳಿಗೆ ಹೆದರಿ ತಾಯಂದಿರು ಮಕ್ಕಳ ಕೈ ಹಿಡಿದು ಪಡುವಣಕ್ಕೆ ಓಡಿದ್ದನ್ನು ನಾವು ಟೀವಿಯಲ್ಲಿ ಕಂಡೆವಲ್ಲ, ಆ ಲ್ವಿವ್‌ನ ನಿಲ್ದಾಣದ ಸುತ್ತಲಿನ ನಾಡೇ ಇದು.

ಗಾಡಿ ಜೇಜುರಿಯ ಗುಡ್ಡವನ್ನು ಹಿಂದೆ ಹಾಕಿ, ಸಾತಾರಾ, ಕರಾಡ ಮುಟ್ಟಿ ಸಾಂಗಲಿಯತ್ತ ಇಳಿಯುವಾಗ ನೆಲದ ಬಣ್ಣ ಕಪ್ಪಾಗುತ್ತದೆ. ಮೀರಜಿನಲ್ಲಿ ಕೊಲ್ಲಾಪುರದ ಪ್ಯಾಸೆಂಜರ್ ಹಿಡಿದರೆ ಜೈಸಿಂಗಪುರ, ಹಾತಕಣಂಗಲೆ, ರುಕಡಿ. ಎರಡೂ ಕಡೆ ಆಳೆತ್ತರದ ಕಬ್ಬು. ದೀಪಾವಳಿ ಕಳೆದ ಮೇಲೆ ಬಂದರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ಸಿಹಿ ಕಿಟಕಿಯೊಳಗೇ ನುಗ್ಗುತ್ತದೆ. ಕೊಲ್ಲಾಪುರ ಇನ್ನೇನು ಬಂತು ಎನ್ನುವಾಗ ಒಂದು ಸಣ್ಣ ನಿಲ್ದಾಣ, ವಳಿವಡೆ. ಇಳಿಯುವವರು ಬೆರಳೆಣಿಕೆಯಷ್ಟು. ಇಳಿದರೆ ಗಾಂಧಿನಗರ ಅಲ್ಲೇ.

ಆ ಪೋಲಿಷ್ ಹೆಂಗಸರು, ಮಕ್ಕಳು ಇದ್ದ ಶಿಬಿರ ನಿಂತದ್ದು ಇಲ್ಲೇ; ಅವರು ಇಲ್ಲಿಗೆ ಬಂದು ಮುಟ್ಟಿದ ದಾರಿ ದೊಡ್ಡದು. 1939ರಲ್ಲಿ ಹಿಟ್ಲರ್ ಒಂದು ಕಡೆಯಿಂದ, ಸ್ಟಾಲಿನ್ ಇನ್ನೊಂದು ಕಡೆಯಿಂದ ಪೋಲೆಂಡನ್ನು ಹಂಚಿಕೊಂಡರು. 1940ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಸೋವಿಯತ್ ಸೈನಿಕರು ಮೂಡಣ ಪ್ರಾಂತ್ಯಗಳ ಮನೆಮನೆಗಳ ಬಾಗಿಲು ಬಡಿದು, ಸಂಸಾರಗಳನ್ನೇ ಎಬ್ಬಿಸಿ ದನ ಸಾಗಿಸುವ ವ್ಯಾಗನ್ನುಗಳಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಮರುವರ್ಷದವರೆಗೆ ಇನ್ನೂ ಮೂರು ಬಾರಿ ಹಾಗಾಯಿತು. ಕಜಾಕಸ್ತಾನದ ಬಯಲುಗಳೂ ತುಂಬಿದವು. 1941ರ ಜೂನ್‌ನಲ್ಲಿ ಜರ್ಮನಿ ರಷ್ಯಾದ ಮೇಲೆ ಬಿದ್ದಾಗ ಸ್ಟಾಲಿನ್‌ಗೆ ಹೊಸ ಮಿತ್ರರು ಬೇಕಾದರು, ಪೋಲಿಷರಿಗೆ ಬಿಡುಗಡೆ ಸಿಕ್ಕಿತು. ಸೇನೆ ಸೇರಿದ ಗಂಡಸರ ಹಿಂದೆ ಹೆಂಗಸರು, ಮಕ್ಕಳು, ಮುದುಕರು ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು. ಬಿಡುಗಡೆ ಏನೋ ಆಯಿತು, ಇಳಿಯಲು ಮನೆಯಿರಲಿಲ್ಲ.

ಇಂಥ ಹೊತ್ತಿನಲ್ಲಿ ಯಾರು ದುಡ್ಡು ಬಿಚ್ಚುತ್ತಾರೆ? ನಮ್ಮ ದೇಶವೇ ಆಗ ಪರರ ಕೈಯಲ್ಲಿತ್ತು, ಯುದ್ಧದ ಭಾರ ಹೊತ್ತಿತ್ತು, 1943ರಲ್ಲಿ ಬಂಗಾಳ ಹಸಿವಿನಿಂದ ಸತ್ತಿತು. ಆದರೂ ಮುಂಬೈಯ ಪೋಲಿಷ್ ಕಾನ್ಸಲ್ ಎವ್ಗೆನಿಯುಷ್ ಬನಾಶಿನ್ಸ್ಕಿ ಮತ್ತು ರೆಡ್ ಕ್ರಾಸ್ ಕೆಲಸ ಹೊತ್ತಿದ್ದ ಅವರ ಪತ್ನಿ ಕಿರಾ ಕೈಚಾಚಿದಾಗ ಕೈಗಳು ಖಾಲಿ ಹಿಂತಿರುಗಲಿಲ್ಲ. ಬಟ್ಟೆ, ಔಷಧಿ, ಆಹಾರ ಹೇರಿದ ಲಾರಿಗಳು ಕ್ವೆಟ್ಟಾ ದಾಟಿ ಸೋವಿಯತ್ ನಾಡಿನ ಅಶ್ಗಾಬಾತ್‌ವರೆಗೆ ಹೋದವು. 1942ರಲ್ಲಿ ಮರಳುವಾಗ ಅನಾಥ ಮಕ್ಕಳನ್ನು ತುಂಬಿಕೊಂಡು ಬಂದವು. ನವಾನಗರ ಸಂಸ್ಥಾನದ ಅರಸ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ತಮ್ಮ ಬಾಲಾಚಡಿಯ ಕಡಲ ದಂಡೆಯಲ್ಲಿ ಆ ಮಕ್ಕಳಿಗೆ ಜಾಗ ಕೊಟ್ಟರು. ಅವರು ಆಗ ದೇಶಿ ರಾಜರ ಕೂಟವಾದ ನರೇಂದ್ರ ಮಂಡಲದ ಮುಖ್ಯಸ್ಥರು; ಅವರು ಮುಂದಾದ ಮೇಲೆ ಪಟಿಯಾಲ, ಬರೋಡಾದಂಥ ಸಂಸ್ಥಾನಗಳೂ ಟಾಟಾದಂಥ ವ್ಯಾಪಾರಿ ಮನೆತನವೂ ಕೈಜೋಡಿಸಿದವು. ದಾನಿಗಳು, ಧರ್ಮದತ್ತಿಗಳು ಸೇರಿಸಿದ ಮೊತ್ತ 6 ಲಕ್ಷ ರೂಪಾಯಿ ಮುಟ್ಟಿತು. ಮಕ್ಕಳಿಗೆ ಪಾಲಕ್ ಸೊಪ್ಪು ಸೇರದು ಎಂದು ತಿಳಿದ ಜಾಮ್ ಸಾಹೇಬರು ಇನ್ನು ಮುಂದೆ ಅದನ್ನು ಬೇಯಿಸಲೇಬೇಡಿ ಎಂದು ಅಡುಗೆಯವರಿಗೆ ಹೇಳಿದರಂತೆ. ಅಲ್ಲಿ ಬೆಳೆದವರು ಮುದುಕರಾದ ಮೇಲೂ ಇದನ್ನು ನೆನೆಯುತ್ತಿದ್ದರು.

ನನಗೆ ಆ ಮೊತ್ತಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿದ್ದ ಮಾತು. ಆ ಹಣ ಒಂದು ತಿಂಗಳ ಗಂಜಿಗೆ ಕೂಡಿಸಿದ್ದಲ್ಲ, ಯುದ್ಧ ಮುಗಿಯುವವರೆಗೆ ಮಕ್ಕಳನ್ನು ಸಾಕಲು ಕೂಡಿಸಿದ್ದು. ಮೊದಲ ವಾರದ ಕಂಬಳಿಗೆ ಎಲ್ಲರ ಕಣ್ಣೂ ತೇವವಾಗುತ್ತದೆ, ಎರಡನೇ ವರ್ಷದ ಮಳೆಗಾಲಕ್ಕೆ ಹೆಂಚು ಬದಲಿಸಲು ಹಣ ಕೇಳಿದರೆ ಕೊಡುವವರು ಕಡಿಮೆ. 2022ರಲ್ಲಿ ಅದೇ ಪೋಲೆಂಡು ಉಕ್ರೇನಿನವರಿಗೆ ಮನೆಬಾಗಿಲು ತೆರೆದದ್ದನ್ನು ನೆನೆದರೆ ಎದೆ ತುಂಬುತ್ತದೆ. ತಾತ್ಕಾಲಿಕ ಆಶ್ರಯಕ್ಕೆ ಹೆಸರು ಬರೆಸಿದವರೇ 15 ಲಕ್ಷಕ್ಕೂ ಹೆಚ್ಚು. ತಮ್ಮ ಮನೆಯಲ್ಲಿ ಇಟ್ಟುಕೊಂಡವರಿಗೆ ಸರ್ಕಾರ ತಲೆಗೆ ದಿನಕ್ಕೆ 40 ಝ್ಲೋಟಿ ಕೊಟ್ಟಿತು. ಮೊದಲು 60 ದಿನಕ್ಕೆಂದು, ಆಮೇಲೆ 120 ದಿನಕ್ಕೆ. ಯುದ್ಧ ಮಾತ್ರ ವರ್ಷಗಳನ್ನು ನುಂಗುತ್ತ ಹೋಯಿತು.

ವಳಿವಡೆಯ ಲೆಕ್ಕ ವರ್ಷಗಳದ್ದೇ. ಇಲ್ಲಿಗೆ ಬಂದದ್ದು ಬರೀ ಮಕ್ಕಳಲ್ಲ, ಇಡೀ ಸಂಸಾರಗಳು. ತುಂಬಿದ ಕಾಲದಲ್ಲಿ ಸುಮಾರು 5,000 ಜನ. ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರ ಖರ್ಚು ಹೊತ್ತಿತು. ಕೊಲ್ಲಾಪುರ ಸಂಸ್ಥಾನದ ಈ ಬಯಲಿನಲ್ಲಿ ಉದ್ದುದ್ದ ಸಾಲುಮನೆಗಳೆದ್ದವು: ಬಿದಿರು ತಟ್ಟಿಯ ಗೋಡೆ, ಮೇಲೆ ಹೆಂಚು, ಮುಂದೆ ಪಡಸಾಲೆ. ಆ ತಟ್ಟಿಗೋಡೆಯೊಳಗೆ ನೀವೇ ಕೂತಂತೆ ನೆನೆಸಿಕೊಳ್ಳಿ. ಪಕ್ಕದ ಮನೆಯ ಕೆಮ್ಮು, ಆಚೆ ಮನೆಯ ಪ್ರಾರ್ಥನೆ, ಸಾಲಿನ ಕೊನೆಯಲ್ಲಿ ಅಳುವ ಕೂಸು ಎಲ್ಲವೂ ಕಿವಿಯಲ್ಲೇ. ಮೃಗಶಿರಾ ಮಳೆ ಹೆಂಚಿನ ಮೇಲೆ ಹೊಡೆಯುವ ಸದ್ದು ಹಿಮದ ನಾಡಿನವರಿಗೆ ಎಷ್ಟು ಹೊಸದಿರಬೇಕು! ಆದರೂ ಅಲ್ಲಿ ಊರೊಂದು ಕಣ್ಣುಬಿಟ್ಟಿತು. ಶಾಲೆಗಳು, ಆಸ್ಪತ್ರೆ, ಇಗರ್ಜಿ, ನಾಟಕದ ವೇದಿಕೆ, ಸ್ಕೌಟ್ ಮಕ್ಕಳ ಕವಾಯತು. ಬೆಳಿಗ್ಗೆ ಮಕ್ಕಳು ಪೋಲಿಷ್ ವ್ಯಾಕರಣ ಓದುತ್ತಿದ್ದರು. ಸುತ್ತಲ ಹಳ್ಳಿಯವರು ಹಣ್ಣು, ತರಕಾರಿ, ಹಾಲು ತಂದು ಮಾರುತ್ತಿದ್ದರು. ಕ್ಷಯ ಹಿಡಿದವರನ್ನು ಪಂಚಗನಿಯ ತಂಪು ಹವೆಗೆ ಕಳಿಸುತ್ತಿದ್ದರು.

ಇಷ್ಟು ದೊಡ್ಡ ಊರು ನಿಂತದ್ದು ಎಲ್ಲೋ ದೂರದ ಒಂದು ಸಹಿಯ ಮೇಲೆ. 1945ರ ಜುಲೈಯಲ್ಲಿ ಬ್ರಿಟನ್ ವಾರ್ಸಾದ ಹೊಸ ಸರ್ಕಾರಕ್ಕೆ ಮನ್ನಣೆ ಕೊಟ್ಟಿತು, ಲಂಡನ್ನಿನ ಸರ್ಕಾರ ಕಾಗದದಲ್ಲಿ ಇಲ್ಲವಾಯಿತು. ಖರ್ಚು ಬ್ರಿಟಿಷರ ತಲೆಗೆ ಬಂತು, ಬಳಿಕ ನಿರಾಶ್ರಿತರಿಗಾಗಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಗಳಿಗೆ. ಯುದ್ಧ ಗೆದ್ದರೂ ಇವರ ಮನೆಗಳು ಸೋವಿಯತ್ ಗಡಿಯೊಳಗೆ ಸೇರಿಹೋಗಿದ್ದವು. ಹಿಂದಿರುಗುವುದಾದರೂ ಎಲ್ಲಿಗೆ? 1948ರ ವೇಳೆಗೆ ಕೆಲವರು ಪೋಲೆಂಡಿಗೆ, ಹಲವರು ಇಂಗ್ಲೆಂಡಿಗೆ, ಕೆಲವರು ಆಫ್ರಿಕದ ಶಿಬಿರಗಳಿಗೆ ಚದುರಿದರು. ಇಲ್ಲಿಯವರನ್ನೇ ಮದುವೆಯಾಗಿ ಕೊಲ್ಲಾಪುರದಲ್ಲಿ ಉಳಿದವರೂ ಇದ್ದರು. ಊರಿನ ಕ್ರೈಸ್ತ ಸ್ಮಶಾನದಲ್ಲಿ ಮಣ್ಣಾದವರೂ ಇದ್ದಾರೆ. 2019ರ ಸೆಪ್ಟೆಂಬರಿನಲ್ಲಿ ವಳಿವಡೆಯಲ್ಲಿ ಸ್ಮಾರಕಸ್ತಂಭ ನಿಂತಾಗ, ಇಲ್ಲಿ ಆಡಿ ಬೆಳೆದ ಕೆಲವರು ಕೋಲೂರಿಕೊಂಡು ನೋಡಲು ಬಂದರು.

ಮನೆಗಳು ಖಾಲಿ ಬೀಳಲಿಲ್ಲ. ದೇಶ ಒಡೆದು ಸಿಂಧ್‌ನಿಂದ ಹಡಗಿನಲ್ಲಿ, ರೈಲಿನಲ್ಲಿ ಬಂದವರಿಗೆ ಸರ್ಕಾರ ಸಿಕ್ಕಸಿಕ್ಕಲ್ಲಿ ತಾವು ಹುಡುಕುತ್ತಿತ್ತು. ಪುಣೆಯ ಪಕ್ಕದ ಪಿಂಪರಿಯಲ್ಲಿ ಹಾಗೊಂದು ಕ್ಯಾಂಪು ಹುಟ್ಟಿತು. ವಳಿವಡೆಯಲ್ಲಿ ಹೊಸದಾಗಿ ಕಟ್ಟಬೇಕಿರಲಿಲ್ಲ, ಪೋಲಿಷರು ಬಿಟ್ಟುಹೋದ ಸಾಲುಮನೆಗಳಲ್ಲೇ ಸಿಂಧಿ ಸಂಸಾರಗಳು ಒಲೆ ಹಚ್ಚಿದವು. ಜಾಗಕ್ಕೆ ಗಾಂಧಿನಗರವೆಂಬ ಹೆಸರಾಯಿತು. ಒಬ್ಬರ ಕಷ್ಟಕ್ಕೆಂದು ಖರ್ಚಾದ ಹಣ ಇನ್ನೊಬ್ಬರ ಕಷ್ಟಕ್ಕೂ ಮಾಡಾಗಿ ಒದಗಿತು.

ಇಂದು ಆ ಬೀದಿಗಳಲ್ಲಿ ನಡೆದರೆ ಮೂಗಿಗೆ ಹತ್ತುವುದು ಹೊಸ ಬಟ್ಟೆಯ ಗಂಜಿ ವಾಸನೆ. ಸುತ್ತಲ ಸೀಮೆಗೆಲ್ಲ ಇದು ದೊಡ್ಡ ಜವಳಿ ಪೇಟೆ. ಟೆಂಪೋಗಳಿಂದ ಬೇಲುಗಳು ದಪದಪ ಇಳಿಯುತ್ತವೆ, ಕೈಗಾಡಿಯವನು "ಬಾಜೂ, ಬಾಜೂ" ಎನ್ನುತ್ತ ಸಂದಿಯಲ್ಲಿ ನುಸುಳುತ್ತಾನೆ, ಹೋಟೆಲಿನ ಬಾಣಲೆಯಲ್ಲಿ ಸಿಂಧಿಗಳ ಪಕ್ವಾನು ಗರಿಗರಿಯಾಗುತ್ತದೆ. ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರದ ಕಡೆಯಿಂದ ಮದುವೆಯ ಜವಳಿ ತೆಗೆಯಲು ಮನೆಮಂದಿಯೆಲ್ಲ ಜೀಪು ಕಟ್ಟಿಸಿಕೊಂಡು ಬರುತ್ತಾರೆ. ಬಿಳಿ ಗಾದಿಯ ಮೇಲೆ ಕೂತ ಸಿಂಧಿ ಅಂಗಡಿಕಾರ ತಂದೆ ಜೊತೆ ಸಿಂಧಿಯಲ್ಲಿ, ಆಳಿನ ಜೊತೆ ಮರಾಠಿಯಲ್ಲಿ ಮಾತಾಡಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಹೆಂಗಸರತ್ತ ತಿರುಗಿ "ಬರ್ರಿ ಅಕ್ಕಾರ, ಕುಂದರ್ರಿ, ಎಷ್ಟು ಸೀರಿ ಬೇಕಾಗ್ಯಾವ?" ಎನ್ನುತ್ತಾನೆ. ಹಿರಿಯಳು ಸೆರಗು ಸರಿಮಾಡಿಕೊಂಡು ಕೂರುತ್ತಾಳೆ, ಬೀಗರಿಗೆ ಕೊಡುವ ಸೀರೆಯಿಂದ ಚೌಕಾಸಿ ಶುರುವಾಗುತ್ತದೆ.