ಬಿಸಿಲಿಗೆ ಗಟ್ಟಿಯಾಗುವ ರಾಳ: ಮರದ ಮೆರುಗಿನಲ್ಲಿ ಅನುಕೂಲವೆಷ್ಟು, ಎಚ್ಚರವೆಷ್ಟು?

ಮರದ ಸಾಮಾನು ತಯಾರಿಸುವ ಸಣ್ಣ ಘಟಕಗಳಲ್ಲಿ ಬಂಡವಾಳವು ಸಿಲುಕಿಕೊಳ್ಳುವ ಮುಖ್ಯ ಹಂತಗಳಲ್ಲಿ ಮೆರುಗು ಒಣಗುವ ಹಂತವೂ ಒಂದು. ಕೊಯ್ದು, ಜೋಡಿಸಿ, ನಯಗೊಳಿಸಿದ ಸರಕು ಪ್ರತಿಯೊಂದು ಪದರದ ಲೇಪನದ ನಂತರವೂ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆ ಅವಧಿಯಲ್ಲಿ ಅದಕ್ಕೆ ಜಾಗ ಬೇಕು, ಧೂಳಿನಿಂದ ರಕ್ಷಣೆ ಬೇಕು. ಮಳೆಗಾಲವಾದರೆ ಗಾಳಿಯ ತೇವದಿಂದ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುವ ಭಯವೂ ಉಂಟು. ಸೂರ್ಯನ ಬೆಳಕಿನಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ರಾಳಗಳು ಈ ತೊಂದರೆಗೆ ಒಂದು ಪರಿಹಾರವಾಗಿವೆ. ಮರದ ರಂಧ್ರಗಳನ್ನು ಮುಚ್ಚುವ ಸೀಲರ್ ಆಗಿಯೂ ಅಂತಿಮ ಮೆರುಗಾಗಿಯೂ ಇವುಗಳನ್ನು ಬಳಸಬಹುದು. ಆದರೆ ಈ ವಿಧಾನದ ಲಾಭವು ಎಲ್ಲ ಬಗೆಯ ಮರಕ್ಕೂ ಎಲ್ಲ ಬಗೆಯ ಸರಕಿಗೂ ದೊರೆಯುವುದಿಲ್ಲ. ಹಣ ಹೂಡುವ ಮೊದಲು ಅದರ ಗುಣವನ್ನೂ ಮಿತಿಯನ್ನೂ ಅರಿಯುವುದು ಅಗತ್ಯ.

ಕಾರ್ಯತತ್ತ್ವ

ಬೆಳಕಿನಿಂದ ಪದಾರ್ಥವನ್ನು ಗಟ್ಟಿಗೊಳಿಸುವ ಕ್ರಮ ಹೊಸದಲ್ಲ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ತಗಡಿನ ಮೇಲೆ ಬಳಿದ ಡಾಂಬರಿನಂತಹ ಪದಾರ್ಥವು ಬಿಸಿಲು ಬಿದ್ದಲ್ಲಿ ಗಟ್ಟಿಯಾಗುವುದನ್ನು ಬಳಸಿಕೊಂಡೇ ಜಗತ್ತಿನ ಮೊದಲ ಛಾಯಾಚಿತ್ರಗಳನ್ನು ತೆಗೆದನು. ಮರದ ಹಲಗೆಗಳಿಗೆ ಅತಿನೇರಳೆ ಕಿರಣಗಳಿಂದ ಗಟ್ಟಿಯಾಗುವ ಪಾಲಿಯೆಸ್ಟರ್ ಲೇಪನವು 1960ರ ದಶಕದಲ್ಲಿ ಜರ್ಮನಿಯ ಕೈಗಾರಿಕೆಯಲ್ಲಿ ಬಳಕೆಗೆ ಬಂದಿತು. ಕಡಲ ಅಲೆಗಳ ಮೇಲೆ ಜಾರುವ ಹಲಗೆಗಳ ದುರಸ್ತಿಯಲ್ಲಿ ದೀಪದ ಬದಲು ನೇರ ಬಿಸಿಲನ್ನೇ ಬಳಸುವ ರಾಳಗಳು ಜನಪ್ರಿಯವಾದವು. ಗಿಟಾರ್ ತಯಾರಕರೂ ಹವ್ಯಾಸಿ ಮರಗೆಲಸಗಾರರೂ ಇಂತಹ ರಾಳವನ್ನು ಮರಕ್ಕೆ ಬಳಸುತ್ತಿದ್ದಾರೆ.

ಸಾಮಾನ್ಯ ಲ್ಯಾಕರ್ ಒಣಗುವುದೆಂದರೆ ಅದರೊಳಗಿನ ಥಿನ್ನರ್ ಆವಿಯಾಗುವುದು. ಬಿಸಿಲಿನ ರಾಳದಲ್ಲಿ ನಡೆಯುವ ಕ್ರಿಯೆ ಬೇರೆ. ಇದರಲ್ಲಿ ಅಕ್ರಿಲೇಟ್ ಅಥವಾ ಪಾಲಿಯೆಸ್ಟರ್ ರಾಳದೊಂದಿಗೆ ಬೆಳಕಿಗೆ ಸ್ಪಂದಿಸುವ ಪ್ರಚೋದಕವೊಂದು ಅಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಅತಿನೇರಳೆ ಕಿರಣ ತಾಗಿದೊಡನೆ ಪ್ರಚೋದಕದ ಅಣುಗಳು ಒಡೆದು, ರಾಳದ ಅಣುಗಳು ಪರಸ್ಪರ ಹೆಣೆದುಕೊಳ್ಳುವಂತೆ ಮಾಡುತ್ತವೆ. ಹೀಗೆ ಹೆಣೆದ ಪದರವು ಮತ್ತೆ ಥಿನ್ನರಿನಲ್ಲಿ ಕರಗದು. ನೆಲ ತಲಪುವ ಸೂರ್ಯನ ಶಕ್ತಿಯಲ್ಲಿ ಅತಿನೇರಳೆಯ ಪಾಲು ಸುಮಾರು ಶೇ. 5 ಮಾತ್ರವಾದರೂ ತೆಳುವಾದ ಪದರಕ್ಕೆ ಅದು ಸಾಕಾಗುತ್ತದೆ. ಕೆಲಸ ಮಾಡುವುದು ಬಿಸಿಲಿನ ಕಾವಲ್ಲ, ಬೆಳಕು ಎಂಬುದನ್ನು ಮರೆಯಬಾರದು.

ಲೀಟರಿನ ಬೆಲೆಯಲ್ಲ, ಚದರ ಅಡಿಯ ಬೆಲೆ

ಬಿಸಿಲಿನ ರಾಳದ ಲೀಟರ್ ದರವನ್ನು ಲ್ಯಾಕರಿನ ದರದೊಡನೆ ನೇರವಾಗಿ ಹೋಲಿಸಿದರೆ ರಾಳವು ದುಬಾರಿಯೆನಿಸುತ್ತದೆ. ಆದರೆ ಲೆಕ್ಕ ಹಾಕಬೇಕಾದುದು ಮರದ ಮೇಲೆ ಉಳಿಯುವ ಪದರವನ್ನು. ಗಾತ್ರದಲ್ಲಿ ಶೇ. 25 ಘನಾಂಶವುಳ್ಳ ಲ್ಯಾಕರಿನ ಒಂದು ಲೀಟರಿನಿಂದ ಮರದ ಮೇಲೆ ಉಳಿಯುವುದು 250 ಮಿಲಿಲೀಟರ್. ಉಳಿದ 750 ಮಿಲಿಲೀಟರ್ ಗಾಳಿಗೆ ಸೇರುತ್ತದೆ. 100 ಮೈಕ್ರಾನ್ ದಪ್ಪದ ಪದರಕ್ಕೆ ಇದು 2.5 ಚದರ ಮೀಟರ್, ಅಂದರೆ ಸುಮಾರು 27 ಚದರ ಅಡಿಗೆ ಸಾಲುತ್ತದೆ. ಪೂರ್ಣ ಘನಾಂಶವುಳ್ಳ ರಾಳವಾದರೆ ಅದೇ ದಪ್ಪಕ್ಕೆ 10 ಚದರ ಮೀಟರ್, ಅಂದರೆ ಸುಮಾರು 107 ಚದರ ಅಡಿಯನ್ನು ಲೇಪಿಸಬಹುದು. ಈ ಉದಾಹರಣೆಯಂತೆ, ರಾಳದ ದರವು ಲ್ಯಾಕರಿನ ನಾಲ್ಕು ಪಟ್ಟು ಮುಟ್ಟುವವರೆಗೂ ಸರಕಿನ ವೆಚ್ಚ ಹೆಚ್ಚಾಗದು. ಸ್ಟೈರೀನ್ ಬೆರೆತ ಪಾಲಿಯೆಸ್ಟರ್ ರಾಳದಲ್ಲಿ ಸ್ವಲ್ಪ ಭಾಗ ಆವಿಯಾಗುತ್ತದೆ; ಬ್ರಷ್ಷಿನಲ್ಲಿ ಉಳಿಯುವುದು, ಉಜ್ಜುವಾಗ ನಷ್ಟವಾಗುವುದು ಇವೂ ಉಂಟು. ಇವೆಲ್ಲವನ್ನೂ ಕಳೆದು, ಕೂಲಿ ಮತ್ತು ಜಾಗದ ಉಳಿತಾಯವನ್ನು ಕೂಡಿಸಿದ ನಂತರವೇ ನಿಜವಾದ ಲೆಕ್ಕ ದೊರೆಯುತ್ತದೆ.

ಲೇಪನದ ಕ್ರಮ

ಮೊದಲನೆಯದಾಗಿ, ಮರವು ಒಣಗಿರಬೇಕು. ತೇವಮಾಪಕದಲ್ಲಿ ಶೇ. 12ಕ್ಕಿಂತ ಹೆಚ್ಚು ತೋರುವ ಮರಕ್ಕೆ ಲೇಪನ ಮಾಡಿದರೆ ಮುಂದೆ ಮರ ಕುಗ್ಗಿದಾಗ ಪದರವು ಬಿರುಕು ಬಿಡುವ ಅಥವಾ ಮೇಲೇಳುವ ಸಂಭವವಿದೆ. 180 ಅಥವಾ 220 ಸಂಖ್ಯೆಯ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಉಜ್ಜಿ, ಪುಡಿಯನ್ನು ಪೂರ್ತಿಯಾಗಿ ತೆಗೆಯಬೇಕು.

ಲೇಪನವನ್ನು ನೆರಳಿನಲ್ಲಿ, ಕಿಟಕಿಯಿಂದ ದೂರದಲ್ಲಿ ಮಾಡತಕ್ಕದ್ದು. ರಾಳದ ಡಬ್ಬಿಯಾಗಲಿ ಬ್ರಷ್ಷಾಗಲಿ ಬಿಸಿಲಿಗೆ ಬಿದ್ದರೆ ಅಲ್ಲಿಯೇ ಗಟ್ಟಿಯಾಗುತ್ತದೆ. ತಣ್ಣನೆಯ ಮರಕ್ಕೆ ಲೇಪಿಸಿ ಒಮ್ಮೆಲೇ ಬಿಸಿಲಿಗೆ ಇಟ್ಟರೆ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ. ಪದರದಲ್ಲಿ ಗುಳ್ಳೆಗಳು ಏಳುತ್ತವೆ. ಮರವನ್ನು ಮೊದಲು ಸ್ವಲ್ಪ ಬೆಚ್ಚಗೆ ಮಾಡಿ, ಅದು ತಣಿಯುತ್ತಿರುವಾಗ ಲೇಪಿಸಿದರೆ ರಾಳವು ರಂಧ್ರಗಳೊಳಕ್ಕೆ ಎಳೆಯಲ್ಪಡುತ್ತದೆ. ಮೊದಲ ಪದರವನ್ನು ತೀರ ತೆಳುವಾಗಿ, ಒರೆಸಿದಂತೆ ಹಚ್ಚಿ ಗಟ್ಟಿಗೊಳಿಸಿದರೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅನಂತರದ ಪದರಗಳು ಸುಲಭ.

ಗಾಳಿಯ ಆಮ್ಲಜನಕವು ಮೇಲ್ಮೈಯ ರಾಳವನ್ನು ಗಟ್ಟಿಯಾಗಲು ಬಿಡುವುದಿಲ್ಲ. ಇದನ್ನು ತಡೆಯಲು ಕೆಲವು ರಾಳಗಳಲ್ಲಿ ಮೇಣವನ್ನು ಬೆರೆಸಿರುತ್ತಾರೆ. ಅದು ಮೇಲೆ ತೇಲಿ ಬಂದು ಗಾಳಿಗೆ ಅಡ್ಡಿಯಾಗುತ್ತದೆ. ಲೇಪನದ ನಂತರ ಕೆಲವು ನಿಮಿಷ ನೆರಳಿನಲ್ಲಿ ಬಿಟ್ಟರೆ ಮೇಣ ಮೇಲೇರಲು ಅವಕಾಶವಾಗುತ್ತದೆ. ಮೇಣವಿರುವ ಪದರದ ಮೇಲೆ ಇನ್ನೊಂದು ಪದರ ಹಚ್ಚುವುದಾದರೆ 320 ಸಂಖ್ಯೆಯ ಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಲೇಬೇಕು. ಇಲ್ಲವಾದರೆ ಎರಡು ಪದರಗಳು ಬೆಸೆಯುವುದಿಲ್ಲ.

ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗಿನ ನೇರ ಬಿಸಿಲು ಉತ್ತಮ. ಮೋಡವಿದ್ದರೆ ಹೆಚ್ಚು ಹೊತ್ತು ಬೇಕು. ವಸ್ತುವಿನ ಎಲ್ಲ ಮುಖಗಳಿಗೂ ಬೆಳಕು ತಾಗುವಂತೆ ತಿರುಗಿಸುತ್ತಿರಬೇಕು. ಕೆತ್ತನೆಯ ಆಳದಲ್ಲಿಯೂ ಸಂದುಗಳಲ್ಲಿಯೂ ನೆರಳು ಉಳಿದರೆ ಅಲ್ಲಿ ರಾಳ ಹಸಿಯಾಗಿಯೇ ಇರುತ್ತದೆ. ಮಲೆನಾಡು ಮತ್ತು ಕರಾವಳಿಯ ಘಟಕಗಳು ಮಳೆಗಾಲಕ್ಕೆ ಅತಿನೇರಳೆ ಎಲ್‌ಇಡಿ ದೀಪದ ವ್ಯವಸ್ಥೆ ಮಾಡಿಕೊಳ್ಳದೆ ಬಿಸಿಲನ್ನೇ ನಂಬಿ ಬೇಡಿಕೆ ಒಪ್ಪಿಕೊಳ್ಳುವುದು ಅಪಾಯಕರ. ದೀಪದ ತರಂಗಾಂತರವು ರಾಳದ ಪ್ರಚೋದಕಕ್ಕೆ ಹೊಂದುತ್ತದೆಯೇ ಎಂಬುದನ್ನು ಖರೀದಿಗೆ ಮೊದಲೇ ವಿಚಾರಿಸಬೇಕು.

ಎಲ್ಲಿ ಸಲ್ಲದು

ಬೀಟೆ ಮರದಲ್ಲಿ ಸಹಜವಾಗಿರುವ ಕೆಲವು ಪದಾರ್ಥಗಳು ಪಾಲಿಯೆಸ್ಟರ್ ರಾಳ ಗಟ್ಟಿಯಾಗುವ ಕ್ರಿಯೆಯನ್ನೇ ತಡೆಯುತ್ತವೆ. ಮೇಲ್ಭಾಗ ಗಟ್ಟಿಯಾದಂತೆ ಕಂಡರೂ ಮರಕ್ಕೆ ತಾಗಿದ ಭಾಗ ಅಂಟಂಟಾಗಿ ಉಳಿದು, ಪದರವು ಮುಂದೆ ಎದ್ದು ಬರುತ್ತದೆ. ಮೈಸೂರಿನ ಬೀಟೆ ಇನ್‌ಲೇ ಕೆಲಸದಂತಹ ಬೆಲೆಬಾಳುವ ಸರಕಿನಲ್ಲಿ ಈ ನಷ್ಟ ಸಣ್ಣದಲ್ಲ. ಎಪಾಕ್ಸಿಯಂತಹ ತಡೆಪದರವನ್ನು ಮೊದಲು ಹಚ್ಚಿ ಪೂರ್ತಿ ಗಟ್ಟಿಗೊಳಿಸಿದ ನಂತರವೇ ಪ್ರಯತ್ನಿಸಬೇಕು. ಎಣ್ಣೆಯ ಅಂಶವುಳ್ಳ ತೇಗದ ಮರಕ್ಕೂ ಪೂರ್ವಪರೀಕ್ಷೆ ಅಗತ್ಯ.

ಗಾಢ ಬಣ್ಣ ಬೆರೆಸಿದ ರಾಳದೊಳಕ್ಕೆ ಕಿರಣಗಳು ಇಳಿಯುವುದಿಲ್ಲ. ಬಣ್ಣ ಬೇಕಾದಲ್ಲಿ ಮರಕ್ಕೆ ಮೊದಲು ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಪಾರದರ್ಶಕ ರಾಳವನ್ನು ಲೇಪಿಸುವುದು ಕ್ರಮ. ಸದಾ ಬಿಸಿಲು ಮಳೆಗೆ ಒಡ್ಡಿರುವ ಬಾಗಿಲು, ಬೆಂಚುಗಳಿಗೆ ಈ ಮೆರುಗನ್ನು ಹೊರಾಂಗಣಕ್ಕೆಂದೇ ತಯಾರಾದುದಲ್ಲದಿದ್ದರೆ ಬಳಸಬಾರದು. ಬಿಸಿಲಿನಲ್ಲಿ ಹುಟ್ಟಿದ ಪದರವೇ ವರ್ಷಗಟ್ಟಲೆ ಬಿಸಿಲಿನಲ್ಲಿ ಹಳದಿಯಾಗಿ ಬಿರುಕು ಬಿಡಬಲ್ಲದು.

ಚನ್ನಪಟ್ಟಣದ ಆಟಿಕೆಗಳಿಗೆ ಈ ರಾಳ ಬದಲಿಯಾಗಲಾರದು. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಘರ್ಷಣೆಯ ಕಾವಿಗೆ ಅದು ಕರಗಿ ಕೂರುತ್ತದೆ. ಅಲ್ಲಿ ಒಣಗಲು ಕಾಯುವ ಪ್ರಶ್ನೆಯೇ ಇಲ್ಲ, ಮತ್ತು ಗ್ರಾಹಕರು ಬೆಲೆ ಕೊಡುವುದು ಆ ಅರಗಿಗಾಗಿಯೇ. ಇತರ ಆಟಿಕೆ ತಯಾರಕರು 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವನ್ನು ಗಮನದಲ್ಲಿಡಬೇಕು. ಆಹಾರ ಬಡಿಸುವ ಬಟ್ಟಲು, ಚಮಚಗಳಿಗೆ ಆಹಾರಸ್ಪರ್ಶಕ್ಕೆ ಯೋಗ್ಯವೆಂಬ ಪ್ರಮಾಣಪತ್ರವಿಲ್ಲದ ರಾಳ ಸಲ್ಲದು.

ಕೆಲಸಗಾರರ ಸುರಕ್ಷತೆ

ಹಸಿ ರಾಳವು ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಉಂಟಾಗಬಹುದು. ಒಮ್ಮೆ ಅಲರ್ಜಿ ಬಂದವನಿಗೆ ಆಮೇಲೆ ಅತ್ಯಲ್ಪ ಸ್ಪರ್ಶವೂ ಸಹಿಸದು. ನುರಿತ ಕುಶಲಕರ್ಮಿಯೊಬ್ಬನು ಆ ಕೆಲಸವನ್ನೇ ಬಿಡಬೇಕಾದೀತು. ಆದ್ದರಿಂದ ನೈಟ್ರೈಲ್ ಕೈಗವಸು ಮತ್ತು ಕನ್ನಡಕ ಕಡ್ಡಾಯವಾಗಬೇಕು. ಸ್ಟೈರೀನ್ ಇರುವ ರಾಳಕ್ಕೆ ಗಾಳಿಯಾಡುವ ಜಾಗವೂ ಆವಿಯನ್ನು ತಡೆಯುವ ಮುಖಗವಸೂ ಬೇಕು. ಬಟ್ಟೆಯ ಮುಖಗವಸು ಸಾಲದು. ಉಳಿಕೆ ರಾಳವನ್ನು ಚರಂಡಿಗೆ ಸುರಿಯದೆ, ತೆಳುವಾಗಿ ಹರಡಿ ಬಿಸಿಲಿನಲ್ಲಿ ಗಟ್ಟಿಗೊಳಿಸಿ ವಿಲೇವಾರಿ ಮಾಡಬೇಕು. ದಪ್ಪವಾಗಿ ಒಟ್ಟಿದರೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಅಪಾಯ ತರಬಲ್ಲದು.

ಪರೀಕ್ಷೆಯೇ ಪ್ರಮಾಣ

ತಮ್ಮದೇ ಮರದ ತುಂಡುಗಳ ಮೇಲೆ, ತಮ್ಮದೇ ಅಂಗಳದ ಬಿಸಿಲಿನಲ್ಲಿ ಪರೀಕ್ಷಿಸುವುದು ಎಲ್ಲಕ್ಕಿಂತ ಒಳ್ಳೆಯ ಮಾರ್ಗ. ಲೇಪನವಾದ ಮರುದಿನ ಉಗುರಿನಿಂದ ಒತ್ತಿದಾಗ ಗುರುತು ಬೀಳಬಾರದು. ಹರಿತವಾದ ಅಲಗಿನಿಂದ 2 ಮಿಲಿಮೀಟರ್ ಅಂತರದ ಗೆರೆಗಳನ್ನು ಅಡ್ಡಲಾಗಿಯೂ ಉದ್ದಕ್ಕೂ ಕೊಯ್ದು, ಅಂಟುಪಟ್ಟಿಯನ್ನು ಒತ್ತಿ ಎಳೆದಾಗ ಚೌಕಗಳು ಕಿತ್ತು ಬರಬಾರದು. ಇನ್ನೊಂದು ವಿಷಯವನ್ನು ಗ್ರಾಹಕರಿಗೂ ಮೊದಲೇ ತಿಳಿಸುವುದು ಲೇಸು: ಈ ಪದರವು ಥಿನ್ನರಿಗೆ ಕರಗದ ಕಾರಣ, ಗೀರು ಬಿದ್ದರೆ ಲ್ಯಾಕರಿನಂತೆ ಮೇಲೊಂದು ಕೈ ಹೊಡೆದು ಸರಿಪಡಿಸಲಾಗದು, ಉಜ್ಜಿ ಮತ್ತೆ ಲೇಪಿಸಬೇಕಾಗುತ್ತದೆ.

ಚೌಕಟ್ಟು, ನಾಮಫಲಕ, ಪೆಟ್ಟಿಗೆ, ವಾದ್ಯಗಳಂತಹ ಚಿಕ್ಕ ಗಾತ್ರದ, ಒಳಾಂಗಣದ, ಮರದ ಸಹಜ ಬಣ್ಣವನ್ನೇ ತೋರಿಸುವ ಸರಕುಗಳಲ್ಲಿ ಈ ವಿಧಾನದ ಲಾಭ ಹೆಚ್ಚು. ಅಂತಹ ಒಂದೆರಡು ಸರಕುಗಳಿಂದ ಆರಂಭಿಸಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದ ಮೇಲೆ ಲೆಕ್ಕ ನೋಡಿ ವಿಸ್ತರಿಸುವುದು ಸಣ್ಣ ಉದ್ಯಮಿಗೆ ಕ್ಷೇಮಕರ.