ಪೂರ್ವಾರ್ಧ ಒಬ್ಬರದು, ಉತ್ತರಾರ್ಧ ಮತ್ತೊಬ್ಬರದು: ‘ದಿ ವೀಲ್ ಆಫ್ ಟೈಮ್’ ಕಥಾಮಾಲೆಯ ಸಮಾಪ್ತಿ

ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ‘ಮಹಾಪುರಾಣ’ವನ್ನು ಬರೆಯಲು ತೊಡಗಿ, ‘ಆದಿಪುರಾಣ’ದ ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯದರ ಮೂರು ಪದ್ಯಗಳನ್ನೂ ಮುಗಿಸುವ ಹೊತ್ತಿಗೆ ತೀರಿಕೊಂಡರು. ಉಳಿದುದನ್ನು ಕೈಗೆತ್ತಿಕೊಂಡವರು ಅವರ ಶಿಷ್ಯರಾದ ಗುಣಭದ್ರಾಚಾರ್ಯರು. ತಮ್ಮ ಭಾಗದ ಆರಂಭದಲ್ಲಿಯೇ ಅವರೊಂದು ಮಾತು ಹೇಳಿಕೊಳ್ಳುತ್ತಾರೆ: ಕಬ್ಬಿನಂತೆ ಈ ಕೃತಿಗೂ ಮೊದಲರ್ಧದಲ್ಲಿಯೇ ರಸ, ಮುಂದಿನದು ಹೇಗೋ ಮುಗಿಯಲಿ ಎಂದು ತೊಡಗುತ್ತಿದ್ದೇನೆ, ಎಂಬುದು ಅದರ ತಾತ್ಪರ್ಯ. ವಿನಯದ ಈ ಮಾತಿನಲ್ಲಿ ಅಳುಕೂ ಇದೆ. ಗುರುವಿನ ಕೃತಿಯನ್ನು ಅರ್ಧಕ್ಕೆ ಬಿಡುವಂತಿಲ್ಲ, ಮುಂದುವರಿಸಿದರೆ ಹೋಲಿಕೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ರಾಷ್ಟ್ರಕೂಟರ ಕಾಲದ ಈ ಅಳುಕನ್ನೇ ಹನ್ನೊಂದು ಶತಮಾನಗಳ ಅನಂತರ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅಮೆರಿಕದ ಒಬ್ಬ ತರುಣ ಕಾದಂಬರಿಕಾರನಲ್ಲಿ ಕಾಣಬಹುದು. ಅವನ ಹೆಸರು ಬ್ರ್ಯಾಂಡನ್ ಸ್ಯಾಂಡರ್ಸನ್. ಅವನ ಪಾಲಿಗೆ ಬಂದ ಅಪೂರ್ಣ ಕೃತಿ ರಾಬರ್ಟ್ ಜೋರ್ಡಾನನ ‘ದಿ ವೀಲ್ ಆಫ್ ಟೈಮ್’, ಎಂದರೆ ‘ಕಾಲಚಕ್ರ’.

ರಾಬರ್ಟ್ ಜೋರ್ಡಾನ್ ಎಂಬುದು ಕಾವ್ಯನಾಮ. ನಿಜನಾಮ ಜೇಮ್ಸ್ ಆಲಿವರ್ ರಿಗ್ನಿ. 1948ರಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಜನಿಸಿದ ಈತ ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ಬಂದೂಕುಗಾರನಾಗಿ ಸೇವೆ ಸಲ್ಲಿಸಿದವನು. ಹಿಂದಿರುಗಿದ ಮೇಲೆ ಭೌತವಿಜ್ಞಾನದಲ್ಲಿ ಪದವಿ ಪಡೆದು, ಅಮೆರಿಕದ ನೌಕಾಪಡೆಗಾಗಿ ಪರಮಾಣು ಇಂಜಿನಿಯರನಾಗಿ ದುಡಿದವನು. ಕಥಾಮಾಲೆಯ ಮೊದಲ ಸಂಪುಟ ‘ದಿ ಐ ಆಫ್ ದಿ ವರ್ಲ್ಡ್’ 1990ರಲ್ಲಿ ಪ್ರಕಟವಾಯಿತು. ಕಾಲವು ಚಕ್ರದಂತೆ ತಿರುಗುತ್ತದೆ, ಯುಗಗಳು ಬಂದು ಹೋಗಿ ಮತ್ತೆ ಬರುತ್ತವೆ, ಮಹಾಪುರುಷರು ಬೇರೆ ಬೇರೆ ಹೆಸರಿನಿಂದ ಮರಳಿ ಹುಟ್ಟುತ್ತಾರೆ ಎಂಬುದು ಈ ಕಥಾಲೋಕದ ತಳಹದಿ. ಈ ಕಲ್ಪನೆಗೆ ಭಾರತೀಯ ಪುರಾಣಗಳ ಯುಗಚಕ್ರದ ಋಣವಿರುವುದನ್ನು ಜೋರ್ಡಾನನೇ ಒಪ್ಪಿಕೊಂಡಿದ್ದಾನೆ. ಹಳ್ಳಿಯೊಂದರ ಕುರುಬ ಹುಡುಗ ರ‍್ಯಾಂಡ್ ಅಲ್‌ಥೋರ್, ತಾನೇ ಪುನರ್ಜನ್ಮವೆತ್ತಿದ ವೀರನೆಂದು ಅರಿತು, ತಮಃಶಕ್ತಿಯೊಡನೆ ಕೊನೆಯ ಕಾಳಗಕ್ಕೆ ಅಣಿಯಾಗುವುದು ಕಥೆಯ ಬೆನ್ನೆಲುಬು. ಅವನ ಜೊತೆ ಅದೇ ಹಳ್ಳಿಯಿಂದ ಹೊರಟ ಮ್ಯಾಟ್, ಪೆರಿನ್, ಎಗ್ವೀನ್ ಮೊದಲಾದವರು. ಅವರ ಸುತ್ತ ನೂರಾರು ಪಾತ್ರಗಳು, ಹತ್ತಾರು ರಾಜ್ಯಗಳು.

ಮೊದಲ ಆರು ಸಂಪುಟಗಳು 1994ರೊಳಗೆ ಹೊರಬಂದವು. ಅನಂತರ ಚಕ್ರ ನಿಧಾನವಾಯಿತು. ಕವಲುಗಳು ಕವಲೊಡೆದವು, ಸಂಪುಟಗಳ ನಡುವಿನ ಅಂತರ ಎರಡು, ಮೂರು ವರ್ಷಗಳಿಗೆ ಬೆಳೆಯಿತು. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಕಥೆ ನಿಂತಲ್ಲೇ ನಿಂತಿದೆಯೆಂದು ಓದುಗರು ದೂರಿದರು. ದೂರಿನಲ್ಲಿ ಹುರುಳಿಲ್ಲದಿಲ್ಲ. ಹನ್ನೊಂದನೆಯ ಸಂಪುಟ 2005ರಲ್ಲಿ ಪ್ರಕಟವಾದಾಗ ಕಥೆ ಮತ್ತೆ ವೇಗ ಪಡೆದಿತ್ತು, ಇನ್ನುಳಿದದ್ದು ಒಂದೇ ಸಂಪುಟ ಎಂದು ಲೇಖಕನೂ ಘೋಷಿಸಿದ್ದನು. ಮರುವರ್ಷವೇ, 2006ರ ಮಾರ್ಚಿಯಲ್ಲಿ, ಹೃದಯದ ಸ್ನಾಯುಗಳನ್ನು ಗಡುಸಾಗಿಸುವ ಅಮೈಲಾಯ್ಡೋಸಿಸ್ ಎಂಬ ಅಪರೂಪದ ವ್ಯಾಧಿ ತನಗೆ ತಗುಲಿರುವುದನ್ನು ಅವನು ಓದುಗರಿಗೆ ತಿಳಿಸಿದನು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆರೋಗ್ಯವಾಗಿದ್ದ ಕಾಲದಲ್ಲಿ ಜೋರ್ಡಾನನ ನಿಲುವು ಬೇರೆಯಾಗಿತ್ತು. ತಾನು ಮುಗಿಸದೆ ಹೋದರೆ ಇನ್ನಾರೂ ಮುಗಿಸಬಾರದು, ಟಿಪ್ಪಣಿಗಳೆಲ್ಲ ನಾಶವಾಗಬೇಕು ಎಂಬುದು ಅವನ ಇಂಗಿತವಾಗಿತ್ತು. ಮರಣ ಎದುರು ನಿಂತಾಗ ಆ ನಿಲುವು ಕರಗಿತು. ಕೊನೆಯ ವಾರಗಳಲ್ಲಿ ಅವನು ಹೆಂಡತಿಯನ್ನೂ ಬಂಧುಗಳನ್ನೂ ಬಳಿ ಕುಳ್ಳಿರಿಸಿಕೊಂಡು ಕಥೆಯ ಅಂತ್ಯವನ್ನು ಬಾಯಲ್ಲಿ ಹೇಳಿದನು. ಅದರಲ್ಲಿ ಒಂದಷ್ಟು ಧ್ವನಿಮುದ್ರಿತವಾಯಿತು. ಬರೆಯುವ ಕೈ ಸೋತಾಗ ಕಾದಂಬರಿಕಾರ ಮತ್ತೆ ಹಳೆಯ ಕಥೆಗಾರನಾದನೆಂದು ಹೇಳಬಹುದು. ಮನಸ್ಸು ಬದಲಾದುದಕ್ಕೆ ಕಾರಣ ಕೀರ್ತಿಯ ಹಂಬಲವೆನ್ನಲು ಆಧಾರವಿಲ್ಲ. ಹದಿನೈದು ವರ್ಷಕ್ಕೂ ಮಿಗಿಲಾಗಿ ಕಾದುಕೊಂಡಿದ್ದ ಓದುಗರಿಗೆ ಸಲ್ಲಬೇಕಾದ ಋಣವಾಗಿ ಅವನು ಅದನ್ನು ಕಂಡಂತೆ ತೋರುತ್ತದೆ.

ಉತ್ತರಾಧಿಕಾರಿಯ ಆಯ್ಕೆ ಅವನ ಪತ್ನಿ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಅವರ ಪಾಲಿಗೆ ಬಂತು. ಅವರು ಬರಿಯ ಪತ್ನಿಯಲ್ಲ. ಮೊದಲ ಸಂಪುಟದಿಂದಲೂ ಕಥಾಮಾಲೆಯ ಸಂಪಾದಕಿ. ಜೋರ್ಡಾನ್ ತೀರಿಕೊಂಡ ಕೆಲವೇ ದಿನಗಳಲ್ಲಿ ಸ್ಯಾಂಡರ್ಸನ್ ಬರೆದ ಶ್ರದ್ಧಾಂಜಲಿಯೊಂದನ್ನು ಯಾರೋ ಅವರಿಗೆ ತೋರಿಸಿದರು. ಸ್ಯಾಂಡರ್ಸನ್ ಆಗ ಮೂವತ್ತೆರಡು ತುಂಬದ ಲೇಖಕ. ಮೊದಲ ಕಾದಂಬರಿ ಪ್ರಕಟವಾದದ್ದು 2005ರಲ್ಲಿ. ಹದಿಹರೆಯದಲ್ಲಿ ಜೋರ್ಡಾನನನ್ನು ಓದಿ ಬರವಣಿಗೆಗೆ ಒಲಿದವನು. ಹ್ಯಾರಿಯೆಟ್ ಅವನ ‘ಮಿಸ್ಟ್‌ಬಾರ್ನ್’ ಕಾದಂಬರಿಯನ್ನು ಓದಿ ನೋಡಿ ಒಪ್ಪಿದರು. 2007ರ ಡಿಸೆಂಬರಿನಲ್ಲಿ ಪ್ರಕಟಣೆ ಹೊರಬಿತ್ತು. ಅರ್ಜಿ ಹಾಕಿ ಪಡೆದ ಕೆಲಸವಲ್ಲ ಇದು. ದುಃಖದ ಒಂದು ಬರಹವೇ ಅರ್ಹತಾಪತ್ರವಾಯಿತು.

ಈ ಸಂದರ್ಭದಲ್ಲಿ ಬಾಣನ ಮಗನ ನೆನಪಾಗದೆ ಇರದು. ‘ಕಾದಂಬರಿ’ ಅರ್ಧದಲ್ಲಿ ನಿಂತಾಗ ಅದನ್ನು ಪೂರ್ಣಗೊಳಿಸಿದ ಭೂಷಣಭಟ್ಟನು, ಕವಿತ್ವದ ಗರ್ವದಿಂದ ತಾನು ಇದಕ್ಕೆ ಕೈಹಾಕಲಿಲ್ಲ, ಕಥೆ ಮುಗಿಯಲಿಲ್ಲವೆಂದು ಸಜ್ಜನರು ಪಡುವ ದುಃಖವನ್ನು ಕಂಡು ತೊಡಗಿದೆ ಎಂದು ಉತ್ತರಭಾಗದ ಮೊದಲಲ್ಲಿ ನಿವೇದಿಸಿಕೊಳ್ಳುತ್ತಾನೆ. ಓದುಗರ ಅತೃಪ್ತಿಯೇ ಪೂರಕ ಕವಿಗೆ ಅಧಿಕಾರ ಕೊಡುತ್ತದೆಂಬ ವಾದ ಇಲ್ಲಿಯೇ ಸ್ಪಷ್ಟವಾಗಿದೆ. ಬಾಣನ ಗದ್ಯದ ಸಮೃದ್ಧಿ ಮಗನಲ್ಲಿ ಇಲ್ಲವೆಂಬುದು ವಿಮರ್ಶಕರ ಸಾಮಾನ್ಯ ಅಭಿಪ್ರಾಯ. ಆದರೂ ಉತ್ತರಭಾಗವಿಲ್ಲದಿದ್ದರೆ ಕನ್ನಡದ ಮೊದಲನೆಯ ನಾಗವರ್ಮನ ಚಂಪೂಕೃತಿ ‘ಕರ್ಣಾಟಕ ಕಾದಂಬರಿ’ಗೆ ಪೂರ್ಣ ಕಥೆ ಎಲ್ಲಿಂದ ದೊರೆಯುತ್ತಿತ್ತು?

ಸ್ಯಾಂಡರ್ಸನ್ನನ ಕೈಗೆ ಬಂದ ಸಾಮಗ್ರಿ ಎರಡು ಬಗೆಯದು. ಕೊನೆಯ ಸಂಪುಟಕ್ಕೆ ನೇರವಾಗಿ ಸಂಬಂಧಿಸಿದ, ಸುಮಾರು ಇನ್ನೂರು ಪುಟಗಳಷ್ಟು ಬರಹ ಒಂದು: ಕೆಲವು ಪೂರ್ಣ ದೃಶ್ಯಗಳು, ಕೆಲವು ತುಣುಕುಗಳು, ಎಷ್ಟೋ ಕಡೆ ಇಂಥದು ನಡೆಯಬೇಕೆಂಬ ಒಂದೆರಡು ಸಾಲಿನ ಸೂಚನೆ. ಇನ್ನೊಂದು, ಕಥಾಲೋಕದ ಜನ, ಪದ್ಧತಿ, ಭೂಗೋಳಗಳ ಬಗೆಗೆ ಜೋರ್ಡಾನ್ ದಶಕಗಳಿಂದ ಬರೆದಿಟ್ಟಿದ್ದ ಟಿಪ್ಪಣಿಗಳ ಬೃಹತ್ ರಾಶಿ. ಇದರಲ್ಲಿ ದಾರಿ ತೋರಲು ಜೋರ್ಡಾನನ ಇಬ್ಬರು ಸಹಾಯಕರು ನೆರವಾದರು. ಹಳೆಯ ಸಂಪುಟಗಳನ್ನೆಲ್ಲ ಮತ್ತೊಮ್ಮೆ ಓದಿ, ಬಿಟ್ಟುಹೋದ ಎಳೆಗಳನ್ನು ಪಟ್ಟಿ ಮಾಡಿದಾಗ, ಒಂದು ಸಂಪುಟದಲ್ಲಿ ಇದು ಅಡಗದೆಂಬುದು ಖಚಿತವಾಯಿತು. ಕೊನೆಗೆ ‘ದಿ ಗ್ಯಾದರಿಂಗ್ ಸ್ಟಾರ್ಮ್’ 2009ರಲ್ಲಿ, ‘ಟವರ್ಸ್ ಆಫ್ ಮಿಡ್‌ನೈಟ್’ 2010ರಲ್ಲಿ, ‘ಎ ಮೆಮೊರಿ ಆಫ್ ಲೈಟ್’ 2013ರ ಜನವರಿಯಲ್ಲಿ ಪ್ರಕಟವಾದವು. ಹೀಗೆ ಹದಿನಾಲ್ಕು ಸಂಪುಟಗಳ ಮಾಲೆ ಇಪ್ಪತ್ತಮೂರು ವರ್ಷಗಳಲ್ಲಿ ಮುಗಿಯಿತು. ಮುಖಪುಟದಲ್ಲಿ ಎರಡು ಹೆಸರುಗಳೂ ಇವೆ, ಮೊದಲು ಗತಿಸಿದವನದು.

ಮುಖ್ಯ ಪ್ರಶ್ನೆ ಶೈಲಿಯದು. ಗತಿಸಿದ ಕವಿಯ ಧ್ವನಿಯನ್ನು ಅನುಕರಿಸಬೇಕೆ, ತನ್ನ ಧ್ವನಿಯಲ್ಲಿ ಹೇಳಬೇಕೆ? ಅನುಕರಣೆಯ ಶಿಖರವನ್ನು ನೋಡಬೇಕಾದರೆ ತೆಲುಗಿಗೆ ಹೋಗಬೇಕು. ಹೈದರಾಬಾದಿನ ಕನ್ನಡಿಗರಿಗೆ ಈ ಪ್ರಸಂಗ ಅಪರಿಚಿತವಲ್ಲ. ನನ್ನಯನು ಆಂಧ್ರ ಮಹಾಭಾರತದ ಅರಣ್ಯಪರ್ವವನ್ನು ನಡುವೆ ನಿಲ್ಲಿಸಿ ತೀರಿಕೊಂಡನು. ತಿಕ್ಕನನು ಅದನ್ನು ಮುಟ್ಟದೆ ವಿರಾಟಪರ್ವದಿಂದ ತೊಡಗಿ ಕೊನೆಯವರೆಗೆ ತನ್ನದೇ ರೀತಿಯಲ್ಲಿ ಬರೆದನು. ನಡುವೆ ಉಳಿದ ಅರಣ್ಯಪರ್ವದ ಶೇಷವನ್ನು ಹದಿನಾಲ್ಕನೆಯ ಶತಮಾನದಲ್ಲಿ ತುಂಬಿದ ಎರ್ರನನಾದರೋ, ನನ್ನಯನೇ ಬರೆದನೆಂಬಂತೆ, ನನ್ನಯನ ಆಶ್ರಯದಾತನಾದ ರಾಜರಾಜನರೇಂದ್ರನಿಗೇ ಅಂಕಿತ ಮಾಡಿ ಮುಗಿಸಿದನು. ತನ್ನ ಹೆಸರನ್ನೇ ಮರೆಮಾಡಿಕೊಳ್ಳುವ ಈ ತ್ಯಾಗ ಅಸಾಮಾನ್ಯವಾದುದು.

ಸ್ಯಾಂಡರ್ಸನ್ ಆರಿಸಿಕೊಂಡ ಹಾದಿ ಇವೆರಡರ ನಡುವಿನದು. ಜೋರ್ಡಾನನ ವಾಕ್ಯಗಳನ್ನು ನಕಲು ಮಾಡಲು ಹೊರಟರೆ ಅಣಕವಾಗುತ್ತದೆಂದು ಅವನು ಬಲ್ಲನು. ಪಾತ್ರಗಳು ತಾವೇ ಆಗಿ ಉಳಿಯಬೇಕು, ನಿರೂಪಣೆ ತನ್ನದಿರಲಿ ಎಂಬುದು ಅವನ ನಿರ್ಧಾರ. ಉಡುಗೆ, ಊಟ, ಮನೆಯ ಒಳಾಂಗಣಗಳ ವಿಸ್ತಾರ ವರ್ಣನೆ ಜೋರ್ಡಾನನ ಗುರುತು. ಸ್ಯಾಂಡರ್ಸನ್ನನ ಗದ್ಯ ನೇರ, ಚುರುಕು, ಕೆಲವೊಮ್ಮೆ ಬರಿದು. ಆದರೆ ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಚಕ್ರ ತಿರುಗುವ, ಗಾಳಿಯೊಂದು ಏಳುವ ಒಂದೇ ಸೂತ್ರವಾಕ್ಯದಿಂದ ಆರಂಭವಾಗುವ ಪರಿಪಾಠವನ್ನು ಅವನು ಚಾಚೂ ತಪ್ಪದೆ ಉಳಿಸಿಕೊಂಡನು. ಷಟ್ಪದಿಯ ಧಾಟಿಯನ್ನು ಉಳಿಸಿಕೊಂಡು ಹಾಡುವವನು ಬದಲಾದಂತೆ.

ಸೋತ ಕಡೆಯೂ ಉಂಟು. ಮ್ಯಾಟ್ ಎಂಬ ಪಾತ್ರ ಜೂಜುಗಾರ, ಒಲ್ಲದ ಮನಸ್ಸಿನ ಸೇನಾನಿ, ಹೇಳುವುದೊಂದು, ಮಾಡುವುದೊಂದು. ಅವನ ಹಾಸ್ಯ ಅವನಿಗೇ ಗೊತ್ತಿಲ್ಲದೆ ಹುಟ್ಟುವಂಥದು. 2009ರ ಸಂಪುಟದಲ್ಲಿ ಅವನು ಬೇಕೆಂದೇ ನಗಿಸುವ ವಿದೂಷಕನಾಗಿಬಿಟ್ಟನೆಂದು ಓದುಗರು ಅಸಮಾಧಾನಪಟ್ಟರು. ಸ್ಯಾಂಡರ್ಸನ್ ಅದನ್ನು ಅಲ್ಲಗಳೆಯಲಿಲ್ಲ. ಮ್ಯಾಟ್ ತನಗೆ ಸರಿಯಾಗಿ ದಕ್ಕಲಿಲ್ಲವೆಂದು ಒಪ್ಪಿಕೊಂಡು ಮುಂದಿನ ಸಂಪುಟಗಳಲ್ಲಿ ತಿದ್ದಿಕೊಂಡನು. ಪೂರಕ ಕವಿಯ ನಿಜವಾದ ಪರೀಕ್ಷೆ ನಡೆಯುವುದು ಮಹಾಯುದ್ಧದ ವರ್ಣನೆಯಲ್ಲಲ್ಲ, ಇಂಥ ಪಾತ್ರದ ಮಾತಿನ ಓರೆಯಲ್ಲಿ. ಗತಿಸಿದವನ ಟಿಪ್ಪಣಿ ಏನು ನಡೆಯಬೇಕೆಂದು ಹೇಳಬಲ್ಲದು. ಹೇಗೆ ನಗಬೇಕೆಂದು ಹೇಳಲಾರದು.

ಆದರೆ ಇಲ್ಲಿ ಕಬ್ಬಿನ ಹೋಲಿಕೆ ಪೂರ್ತಿ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಜೋರ್ಡಾನನ ನಡುವಿನ ಸಂಪುಟಗಳೇ ಸಪ್ಪೆಯಾಗಿದ್ದವು. ಹರಡಿಹೋಗಿದ್ದ ಎಳೆಗಳನ್ನು ಕೂಡಿಸಿ ಕೊನೆಯ ಕಾಳಗದತ್ತ ಎಳೆದೊಯ್ಯುವ ಕಟ್ಟೋಣದ ಕೌಶಲ ಸ್ಯಾಂಡರ್ಸನ್ನನಲ್ಲಿತ್ತು. ಅಂತಿಮ ಸಂಪುಟದಲ್ಲಿ ಆ ಕಾಳಗದ ಅಧ್ಯಾಯವೊಂದೇ ಎಪ್ಪತ್ತು ಸಾವಿರ ಪದಗಳನ್ನು ಮೀರಿದೆ. ನಡುವೆ ನಿಲ್ಲಿಸಲು ಓದುಗನಿಗೆ ಎಡೆಯೇ ಇಲ್ಲದಂತೆ. ರಸ ಬುಡದಲ್ಲಿಯೂ ಇದೆ, ತುದಿಯಲ್ಲಿಯೂ ಇದೆ. ರಸ ಬೇರೆ ಬೇರೆ.

ಎಲ್ಲ ಲೇಖಕರೂ ಜೋರ್ಡಾನನಂತೆ ಮನಸ್ಸು ಬದಲಿಸಲಿಲ್ಲ. ‘ಡಿಸ್ಕ್‌ವರ್ಲ್ಡ್’ ಮಾಲೆಯ ಆಂಗ್ಲ ಲೇಖಕ ಟೆರಿ ಪ್ರ್ಯಾಚೆಟ್ 2015ರಲ್ಲಿ ತೀರಿಕೊಂಡಾಗ ಅಪೂರ್ಣ ಬರಹಗಳು ಗಣಕಯಂತ್ರದಲ್ಲಿ ಉಳಿದಿದ್ದವು. ಅವನ ಇಚ್ಛೆಯಂತೆ 2017ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನ ಜಾತ್ರೆಯೊಂದರ ಬಯಲಿನಲ್ಲಿ, ಅವು ಅಡಗಿದ್ದ ಹಾರ್ಡ್ ಡಿಸ್ಕಿನ ಮೇಲೆ ಉಗಿಯಿಂದ ಚಲಿಸುವ ರಸ್ತೆಯುರುಳೆಯನ್ನು ಹಾಯಿಸಲಾಯಿತು. ಇತ್ತ ಟಾಲ್ಕಿನ್ 1973ರಲ್ಲಿ ಬಿಟ್ಟುಹೋದ ಹಸ್ತಪ್ರತಿಗಳನ್ನು ಮಗ ಕ್ರಿಸ್ಟಫರ್ ಹೊಂದಿಸಿ 1977ರಲ್ಲಿ ‘ದಿ ಸಿಲ್ಮರಿಲಿಯನ್’ ಎಂದು ಪ್ರಕಟಿಸಿದನು. ಅಲ್ಲಿ ಮಗ ಕವಿಗಿಂತ ಹೆಚ್ಚಾಗಿ ಸಂಪಾದಕ.

ಕನ್ನಡದ ವಿದ್ಯಾರ್ಥಿ ಈ ಪ್ರಶ್ನೆಗಳನ್ನು ಕುಮಾರವ್ಯಾಸನ ಬಳಿಗೂ ಒಯ್ಯಬಹುದು. ಗದಾಪರ್ವಕ್ಕೆ ನಿಂತ ‘ಕರ್ಣಾಟ ಭಾರತ ಕಥಾಮಂಜರಿ’ ಅಪೂರ್ಣವೆ, ಅಥವಾ ಕವಿಗೆ ಅದೇ ಪೂರ್ಣವೆ? ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಮುಂದಿನ ಪರ್ವಗಳನ್ನು ಬರೆದು ‘ಕೃಷ್ಣರಾಯ ಭಾರತ’ವೆಂದನು. ಅವನನ್ನು ಹಂಗಿಸುವುದು ಸುಲಭ. ಆದರೆ ಗಮಕಿಗಳು ಇಂದಿಗೂ ದಣಿಯದೆ ವಾಚಿಸುವುದು ಮೊದಲ ಹತ್ತು ಪರ್ವಗಳನ್ನು ಎಂಬುದಷ್ಟೇ ಅವನ ಕೃತಿಯ ಮೇಲಿನ ತೀರ್ಪಾಗಬೇಕಿಲ್ಲ. ಪೂರ್ಣ ಭಾರತವೊಂದು ಕನ್ನಡ ಷಟ್ಪದಿಯಲ್ಲಿರಬೇಕೆಂಬ ಬಯಕೆ ಅಂದು ಇತ್ತೆಂಬುದಕ್ಕೆ ಅದು ಸಾಕ್ಷಿ. ಜಿನಸೇನರ ವಿಷಯದಲ್ಲಂತೂ ಇನ್ನೂ ಸ್ವಾರಸ್ಯದ ಸಂಗತಿಯಿದೆ. ಅವರ ಗುರು ವೀರಸೇನರು ‘ಜಯಧವಳಾ’ ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದಷ್ಟು ಬರೆದು ನಿಲ್ಲಿಸಿದ್ದರು. ಉಳಿದ ನಲವತ್ತು ಸಾವಿರವನ್ನು ಬರೆದು ಕ್ರಿ.ಶ. 837ರಲ್ಲಿ ಮುಗಿಸಿದವರು ಜಿನಸೇನರೇ. ಇನ್ನೊಬ್ಬರದನ್ನು ಮುಗಿಸಿಕೊಟ್ಟವರು ತಮ್ಮದನ್ನು ಇನ್ನೊಬ್ಬರಿಗೆ ಬಿಟ್ಟುಹೋದರು. ಗುಣಭದ್ರರ ‘ಉತ್ತರಪುರಾಣ’ದ ಪ್ರಶಸ್ತಿಯಲ್ಲಿ ಬಂಕಾಪುರದ ಹೆಸರಿದೆ, ಶಕ 820 ಎಂಬ ಕಾಲವಿದೆ, ಅವರ ಶಿಷ್ಯ ಲೋಕಸೇನನ ಹೆಸರಿದೆ. ಮೂರು ತಲೆಮಾರುಗಳ ಶಿಷ್ಯಪರಂಪರೆ ಒಂದರ ಹಿಂದೆ ಒಂದರಂತೆ ಲೇಖನಿ ಹಿಡಿದಿದೆ.

ಆಧುನಿಕ ಮುದ್ರಣಲೋಕದಲ್ಲಿ ಪರಂಪರೆಯ ಸ್ಥಾನವನ್ನು ಹಕ್ಕುಸ್ವಾಮ್ಯ ಆಕ್ರಮಿಸಿದೆ. ಯಾರು ಮುಗಿಸಬೇಕೆಂಬುದನ್ನು ವಾರಸುದಾರರೂ ಪ್ರಕಾಶಕರೂ ತೀರ್ಮಾನಿಸುತ್ತಾರೆ, ಲಾಭದ ಲೆಕ್ಕ ಬದಿಯಲ್ಲಿ ನಿಂತಿರುತ್ತದೆ. ಆದ್ದರಿಂದಲೇ ಹ್ಯಾರಿಯೆಟ್ ಅವರ ಮುಂದಿನ ನಡೆ ಗಮನಾರ್ಹ. ಈ ಲೋಕವನ್ನೇ ಆಧರಿಸಿ ಇನ್ನೂ ಕೆಲವು ಕಾದಂಬರಿಗಳನ್ನು ಬರೆಯುವ ಯೋಚನೆ ಜೋರ್ಡಾನನಿಗಿತ್ತು. ಕೊಳ್ಳುವ ಓದುಗರು ಧಾರಾಳವಾಗಿದ್ದರು. ಅವನ್ನು ಬರೆಯಿಸಲಿಲ್ಲ. ಅವನು ಬಾಯಾರೆ ಹೇಳಿಹೋದದ್ದಕ್ಕೆ ಮಾತ್ರ ಇನ್ನೊಬ್ಬರ ಕೈ ಸೇರಿತು.

ಅಂತಿಮ ಸಂಪುಟದ ಕಟ್ಟಕಡೆಯ ದೃಶ್ಯ ಬಹುಮಟ್ಟಿಗೆ ಜೋರ್ಡಾನ್ ಬದುಕಿರುವಾಗಲೇ ಬರೆದಿಟ್ಟದ್ದು. ಬಹುತೇಕ ಎಲ್ಲರೂ ಸತ್ತನೆಂದು ತಿಳಿದಿರುವ ರ‍್ಯಾಂಡ್, ಸದ್ದಿಲ್ಲದೆ ಹೊರಡುತ್ತಾನೆ. ಅವನ ಶಕ್ತಿಯೆಲ್ಲ ಅಳಿದಿದೆ. ಆದರೂ ಬೆಂಕಿಯಿಲ್ಲದೆ, ಬರಿಯ ನೆನಹಿನಿಂದಲೇ ಅವನ ಹೊಗೆಕೊಳವೆ ಹೊತ್ತಿಕೊಳ್ಳುತ್ತದೆ. ಇದು ಹೇಗಾಯಿತೆಂಬ ವಿವರಣೆ ಪುಸ್ತಕದಲ್ಲಿಲ್ಲ. ಸ್ಯಾಂಡರ್ಸನ್ ಅದಕ್ಕೊಂದು ಕಾರಣವನ್ನು ಹೆಣೆದು ಸೇರಿಸಬಹುದಾಗಿತ್ತು, ಸೇರಿಸಲಿಲ್ಲ.